ಫೋನಿನಲ್ಲಿರುವ ಕಾಯ್ದೆಯ ಅಂಚಿನಲ್ಲಿ ಏನು ಬರೆದುಕೊಳ್ಳಬೇಕು?

ಅರಸೀಕೆರೆಯಿಂದ ಹಾಸನದ ಕಾನೂನು ಕಾಲೇಜಿಗೆ ದಿನವೂ ಓಡಾಡುವ ತಾವು, ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನು ಪಿಡಿಎಫ್‌ನಲ್ಲಿಯೇ ಗುರುತು ಹಾಕಿಕೊಂಡು ಓದಿದರೆ ಸಾಕೇ, ಅಚ್ಚಿನ ಪುಸ್ತಕವೂ ಬೇಕೇ ಎಂದು ಕೇಳಿದ್ದೀರಿ. ಓದಿಗೆ ಪಿಡಿಎಫ್ ಸಾಕು. ಆದರೆ ವಾಟ್ಸಾಪ್ ಗುಂಪಿನಲ್ಲಿ ಬಂದ ಪ್ರತಿಯನ್ನು ನಂಬದೆ, ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಿಂದ ಇಳಿಸಿಕೊಂಡು, ಆ ದಿನಾಂಕವನ್ನು ಕಡತದ ಹೆಸರಿನಲ್ಲಿಯೇ ಸೇರಿಸಿಡಿ.

ಪುಟವೆಲ್ಲ ಹಳದಿ ಬಳಿಯುವುದರಿಂದ ಪ್ರಯೋಜನವಿಲ್ಲ (ಮೊದಲ ವರ್ಷ ನಾನೂ ಅದನ್ನೇ ಮಾಡಿ, ಪರೀಕ್ಷೆಯ ಹಿಂದಿನ ರಾತ್ರಿ ಯಾವುದು ಮುಖ್ಯವೆಂದು ತಿಳಿಯದೆ ಕುಳಿತಿದ್ದೆ). ಕೊಲೆಗೆ ಶಿಕ್ಷೆ ಹೇಳುವ ಕಲಂ 103ರ ಪಕ್ಕದಲ್ಲಿ ‘ಹಳೆಯ 302’, ವಂಚನೆಯ 318(4)ರ ಪಕ್ಕದಲ್ಲಿ ‘ಹಳೆಯ 420’ ಎಂದು ಬರೆದುಕೊಳ್ಳಿ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಗಳಿಗೆ ದಂಡ ಸಂಹಿತೆಯೇ ಅನ್ವಯಿಸುವುದರಿಂದ, ಇಲ್ಲಿನ ನ್ಯಾಯಾಲಯದಲ್ಲಿ ಒಂದು ಬೆಳಿಗ್ಗೆ ಕುಳಿತರೆ ಎರಡೂ ಬಗೆಯ ಸಂಖ್ಯೆಗಳು ಕಿವಿಗೆ ಬೀಳುತ್ತವೆ. ಕಲಂ 106ರ ಉಪಕಲಂ (2)ನ್ನು ಮಾತ್ರ ವಿಶೇಷವಾಗಿ ಗಮನಿಸಿ: ಸಾವಿಗೆ ಕಾರಣವಾಗುವ ಅಪಘಾತ ಮಾಡಿ ಪರಾರಿಯಾಗುವ ಚಾಲಕರಿಗೆ ಹತ್ತು ವರ್ಷದವರೆಗಿನ ಶಿಕ್ಷೆ ಹೇಳುವ ಆ ಸಾಲುಗಳು ಕಾಯ್ದೆಯಲ್ಲಿ ಅಚ್ಚಾಗಿದ್ದರೂ, ಸಂಹಿತೆ ಜಾರಿಗೆ ಬಂದಾಗ ಅಧಿಸೂಚನೆಯು ಅವನ್ನು ಹೊರಗಿಟ್ಟಿತ್ತು. ಇಂಥದ್ದನ್ನು ಅಂಚಿನಲ್ಲಿ ಬರೆದಿಡದಿದ್ದರೆ ಪಠ್ಯ ನೋಡಿ ಮೋಸಹೋಗುತ್ತೀರಿ.

ಹೊಸ ಪ್ರತಿ ಇಳಿಸಿಕೊಂಡಾಗ ಹಳೆಯ ಟಿಪ್ಪಣಿಗಳು ಅದರೊಳಕ್ಕೆ ತಾವಾಗಿಯೇ ಬರುವುದಿಲ್ಲವಾದ್ದರಿಂದ, ಮುಖ್ಯವಾದವನ್ನು ಕಲಂ ಸಂಖ್ಯೆಯೊಡನೆ ನೋಟ್‌ಬುಕ್ಕಿನಲ್ಲೂ ಇಡಿ. ಜಾಮೀನು ಹಕ್ಕಾಗಿ ಸಿಗುವ, ಹಾಗೆ ಸಿಗದ ಅಪರಾಧಗಳನ್ನು ತಿಳಿಸುವ, ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಿಧಾನ ಹೇಳುವ ಕಾಯ್ದೆ) ಮೊದಲನೆಯ ಅನುಸೂಚಿಯು ಅಗಲವಾದ ಕೋಷ್ಟಕ. ಫೋನಿನ ಪರದೆಯನ್ನು ಅತ್ತಿತ್ತ ಎಳೆದಾಡುವ ಬದಲು, ಅದೊಂದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಳ್ಳಿ.