ಕಿವಿಗೆ ಓಲೆ ಹಾಕಬಹುದಾ, ಬೇಡವಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದವರು ಒಬ್ಬ ಶಿಕ್ಷಕಿ, ಒಂದು ಕಟ್ಟುನಿಟ್ಟಿನ ಕ್ರೈಸ್ತ ಸಭೆಯ (ಚರ್ಚಿನ) ಸದಸ್ಯೆ. ಒಡವೆ ಬೇಡ, ಟಿವಿ ಬೇಡ, ಬೆಳಗಾಗುವ ಮೊದಲೇ ಪ್ರಾರ್ಥನೆ, ವಾರಕ್ಕೊಂದು ಉಪವಾಸ. ಇದನ್ನೆಲ್ಲ ಅವರು ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕುತ್ತಿದ್ದರು. ಒಮ್ಮೆ ಉಪವಾಸ ತಪ್ಪಿತು, ಅದೇ ವಾರ ಮಗುವಿಗೆ ಜ್ವರ ಬಂತು. ‘ದೇವರು ಲೆಕ್ಕ ತೀರಿಸಿದರು’ ಎಂದರು. ಸಭೆಯಲ್ಲಿ ಯಾರೂ ಹಾಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅಲ್ಲಿ ಮಾತಿಗಿಂತ ನೋಟವೇ ಜಾಸ್ತಿ.

ಪ್ರಾರ್ಥಿಸುವಾಗ ಮನಸ್ಸು ಬೇರೆಡೆ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಮೊದಲಿಂದ ಶುರು ಮಾಡುತ್ತಾರಂತೆ. ಕೆಲವು ರಾತ್ರಿ ಗಂಟೆಗಟ್ಟಲೆ. ಮನೆಯವರಿಗೆ ಇದು ಭಕ್ತಿಯಾಗಿ ಕಂಡು ಹೆಮ್ಮೆಯಾಗಿತ್ತು! ಆದರೆ ಪಾಪದ ಭಯದಿಂದ ಒಂದೇ ಆಚರಣೆಯನ್ನು ಮತ್ತೆ ಮತ್ತೆ ಮಾಡುವುದು ಒಸಿಡಿ ಎಂಬ ಗೀಳು ಕಾಯಿಲೆಯ ಲಕ್ಷಣವಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಮೊದಲು ಮನೋವೈದ್ಯರ ಬಳಿಗೆ ಕಳಿಸಿದೆ. ಸನ್ಯಾಸಿಯಾಗಿದ್ದಾಗ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಕೂಡ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು ಎಂದಾಗ ಆ ಶಿಕ್ಷಕಿಗೆ ಸ್ವಲ್ಪ ಸಮಾಧಾನವಾಯಿತು.

ವೈದ್ಯರು ಒಸಿಡಿ ಎಂದೇ ಗುರುತಿಸಿ ಮಾತ್ರೆ ಕೊಟ್ಟರು. ಆಮೇಲೆ ನಂಬಿಕೆಯ ಮಾತಿಗೆ ಬಂದೆವು. ಕ್ರಿಸ್ತನು ನಮ್ಮನ್ನು ಬಿಡುಗಡೆ ಮಾಡಿದ್ದಾನೆ ಎನ್ನುವ ಬೈಬಲ್ ವಚನ ಅವರಿಗೆ ಬಾಯಿಪಾಠ. ಆದಿಸಭೆಯ ಬೋಧಕ ಪೌಲ ಗಲಾತ್ಯದವರಿಗೆ ಬರೆದ ಪತ್ರದ್ದು ಅದು (ಗಲಾತ್ಯ 5:1). ಅದಕ್ಕೂ ನೋಟ್‌ಬುಕ್‌ನಲ್ಲಿ ಗುರುತಿತ್ತು. ಹಾಗಾಗಿ ಅದೇ ಪತ್ರದ 2ನೇ ಅಧ್ಯಾಯ ಓದಿದೆವು. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದೊಡನೆ ಹಿಂದೆ ಸರಿದ. ಪೌಲ ಅವನನ್ನು ಮುಖಾಮುಖಿ ಎದುರಿಸಿದ. ‘ಪೇತ್ರ ಹೆದರಿದ್ದು ಯಾರಿಗೆ?’ ಎಂದೆ. ಸುಮಾರು ಹೊತ್ತು ಸುಮ್ಮನಿದ್ದು, ‘ಜನರಿಗೆ’ ಎಂದರು.

ಕೂಡಲೇ ಬಂದ ಪ್ರಶ್ನೆ: ‘ಹಾಗಾದ್ರೆ ಸರ್, ನಾನು ಓಲೆ ಹಾಕಬಹುದಾ?’

ನಾನು ಉತ್ತರ ಕೊಡಲಿಲ್ಲ. ‘ಹಾಕಿ’ ಎಂದರೆ ಅದು ನನ್ನ ಕಾನೂನಾಗುತ್ತಿತ್ತು, ಅಲ್ವಾ? ಅದರ ಬದಲು ಪೌಲನನ್ನೇ ನೋಡಿ ಎಂದೆ. ತನ್ನ ಜೊತೆಗಾರ ತಿಮೊಥೆಯನಿಗೆ ಅವನೇ ಸುನ್ನತಿ ಮಾಡಿಸಿದ. ಇನ್ನೊಬ್ಬ ಜೊತೆಗಾರ ತೀತನ ವಿಷಯದಲ್ಲಿ ಬಿಲ್‌ಕುಲ್ ಒಪ್ಪಲಿಲ್ಲ. ಒಂದು ಕಡೆ ಯೆಹೂದ್ಯರ ನಡುವೆ ಸೇವೆಗೆ ಅಡ್ಡಿಯಾಗದಿರಲಿ ಎಂದು ಮಾಡಿಸಿದ, ಇನ್ನೊಂದು ಕಡೆ ಅದಿಲ್ಲದೆ ರಕ್ಷಣೆ ಇಲ್ಲ ಎಂದವರಿಗೆ ಮಣಿಯಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯವೂ ಹೀಗೇ. ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಬರೀ ಕಾಯಿಪಲ್ಯ. ತಿನ್ನುವವನು ಹೀನಾಯ ಮಾಡಬಾರದು, ತಿನ್ನದವನು ತೀರ್ಪು ಕೊಡಬಾರದು. ಓಲೆ ತೆಗೆದಿಟ್ಟೂ ಬಿಡುಗಡೆಯಲ್ಲಿ ಬದುಕುವವರಿದ್ದಾರೆ. ಹಟಕ್ಕೆ ಹಾಕಿಕೊಂಡು ಒಳಗೊಳಗೇ ನಡುಗುವವರೂ ಇದ್ದಾರೆ.

ವೈದ್ಯರ ಒಪ್ಪಿಗೆ ಪಡೆದು ಕೊಟ್ಟ ಸಲಹೆ ಇಷ್ಟೇ. ಪ್ರಾರ್ಥನೆ ಒಂದೇ ಸಲ. ಮನಸ್ಸು ಅಲೆದರೂ ಮೊದಲಿಂದ ಶುರು ಮಾಡಬೇಡಿ, ಆ ತಳಮಳ ಇರಲಿ, ತಾನಾಗಿ ಇಳಿಯುತ್ತದೆ. ಗುರುತು ಹಾಕುವುದನ್ನು ಸದ್ಯ ನಿಲ್ಲಿಸಿ. ಸಿಟ್ಟಿನಲ್ಲಿ ಸಭೆ ಬಿಡಬೇಡಿ, ನಂಬಿಕೆಯ ಒಬ್ಬ ಹಿರಿಯರ ಹತ್ತಿರ ಮಾತಾಡಿ. ಆದರೆ ಮಾತ್ರೆ ಬಿಡು, ಬಂಧುಗಳನ್ನು ಬಿಡು ಎಂದು ಯಾರಾದರೂ ಒತ್ತಾಯ ಮಾಡಿದರೆ ಅಲ್ಲಿ ಉಳಿಯಬೇಕಾಗಿಲ್ಲ.

ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಹಾಗಾಗಿ ಈ ಸಲ ಉಪವಾಸಕ್ಕೆ ಸೇರುವುದಿಲ್ಲ ಎಂದು ಅವರೇ ಹಿರಿಯರಿಗೆ ಹೇಳಿದರಂತೆ. ಹಿರಿಯರ ಮುಖ ಗಂಟಾಯಿತಂತೆ. ಇವರು ಅದನ್ನು ನೋಡಿಕೊಂಡೇ ಮನೆಗೆ ಹೋಗಿ ಊಟ ಮಾಡಿದ್ದಾರೆ.