ಹಾಳೆ ತಟ್ಟೆ ನಾವೇ ಒತ್ತುವುದೋ, ಕೊಂಡು ಮಾರುವುದೋ? ಬೇಡಿಕೆ ಎಷ್ಟೆಂದು ಗೊತ್ತಿಲ್ಲದಾಗ ಲೆಕ್ಕ ಹಾಕುವುದು ಹೇಗೆ?

ನಿಮ್ಮ ಪ್ರಶ್ನೆಯ ಲೆಕ್ಕವನ್ನು ಮೊದಲು ಒಂದು ಕಡೆ ಬರೆದುಕೊಳ್ಳುತ್ತೇನೆ. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗ, ಬೆಂಗಳೂರಿನ ಅಡುಗೆ ಕಂಟ್ರಾಕ್ಟರ್‌ಗಳಿಗೆ ಅಡಿಕೆ ಹಾಳೆ ತಟ್ಟೆ ಕಳಿಸುತ್ತೀರಿ. ಈಗ ತಟ್ಟೆಗೆ 4 ರೂಪಾಯಿ ಕೊಟ್ಟು ಬೇರೆಯವರಿಂದ ಕೊಳ್ಳುತ್ತೀರಿ. ನೀವೇ ಒತ್ತಿದರೆ ಹಾಳೆ, ಕೂಲಿ, ಕರೆಂಟು ಸೇರಿ 2.50 ಬೀಳುತ್ತದೆ. ಯಂತ್ರ, ಅಚ್ಚು, ಶೆಡ್ಡಿಗೆ 6 ಲಕ್ಷ. ರಿಪೇರಿ ಮತ್ತು ಹಾಳೆ ಇಡುವ ಜಾಗದ ಬಾಡಿಗೆ ವರ್ಷಕ್ಕೆ 1 ಲಕ್ಷ. ಮೂರು ವರ್ಷದ ನಂತರ ಎಲ್ಲ ಮಾರಿದರೆ ಒಂದೂವರೆ ಲಕ್ಷ ಬರಬಹುದು. ಬೇಡಿಕೆ ವರ್ಷಕ್ಕೆ 3 ಲಕ್ಷ ತಟ್ಟೆಗೆ ಏರಬಹುದು, 1 ಲಕ್ಷಕ್ಕೇ ನಿಲ್ಲಲೂಬಹುದು. ಎರಡಕ್ಕೂ ಅರ್ಧರ್ಧ ಸಾಧ್ಯತೆ ಎಂದಿದ್ದೀರಿ.

ನಾನು ಶಿವಮೊಗ್ಗದಲ್ಲಿ ಮಷೀನ್ ಶಾಪ್‌ಗಳ ಖರೀದಿ ವಿಭಾಗದಲ್ಲಿ ಕೆಲಸ ಮಾಡಿದವನು. "ನಾವೇ ಮಾಡೋಣವಾ, ಹೊರಗೆ ಕೊಡೋಣವಾ" ಅನ್ನುವುದು ನಮಗೆ ದಿನನಿತ್ಯದ ಪ್ರಶ್ನೆ. ಒಮ್ಮೆ ಒಂದು ದೊಡ್ಡ ಆರ್ಡರ್ ನಂಬಿ ಹೊಸ ಯಂತ್ರ ತಂದೆವು. ಎರಡನೇ ವರ್ಷ ಆರ್ಡರ್ ಅರ್ಧಕ್ಕೆ ಇಳಿಯಿತು. ಯಂತ್ರಕ್ಕೆ ಟಾರ್ಪಾಲು ಹೊದಿಸಿದ್ದು ಇವತ್ತಿಗೂ ಕಣ್ಣ ಮುಂದಿದೆ. ನಾವು ಲೆಕ್ಕ ಹಾಕಿರಲಿಲ್ಲ ಅಂತಲ್ಲ. ಹಾಕಿದ್ದೆವು, ಆದರೆ ಆರ್ಡರ್ ಬಂದೇ ಬರುತ್ತದೆ ಎಂದುಕೊಂಡು ಹಾಕಿದ ಲೆಕ್ಕ ಅದು.

ಡಿಸಿಶನ್ ಟ್ರೀ, ಅಂದರೆ ಮುಂದೆ ಆಗಬಹುದಾದ್ದನ್ನೆಲ್ಲ ಮರದ ಕವಲುಗಳಂತೆ ಬಿಡಿಸಿ ಹಾಕುವ ಲೆಕ್ಕ, ಈ ತಪ್ಪನ್ನೇ ತಡೆಯುತ್ತದೆ. ಕಂಪ್ಯೂಟರ್ ಬೇಕಿಲ್ಲ, ಒಂದು ಹಾಳೆ ಕಾಗದ ಸಾಕು. ನೀವು ತೀರ್ಮಾನಿಸುವ ಜಾಗದಲ್ಲಿ ಚೌಕ ಬರೆಯಿರಿ. ನಿಮ್ಮ ಕೈಯಲ್ಲಿಲ್ಲದ ಜಾಗದಲ್ಲಿ, ಅಂದರೆ ಬೇಡಿಕೆ ಏರುವುದೋ ಇಳಿಯುವುದೋ ಎಂಬಲ್ಲಿ, ವೃತ್ತ ಬರೆಯಿರಿ. ಪ್ರತಿ ಕವಲಿನ ತುದಿಯಲ್ಲಿ ಉಳಿಯುವ ಹಣ ಬರೆದು, ಬಲದಿಂದ ಎಡಕ್ಕೆ ಲೆಕ್ಕ ಮಾಡುತ್ತಾ ಬನ್ನಿ. 1964ರಲ್ಲಿ ಜಾನ್ ಮೆಗೀ ಎಂಬವರು ಉದ್ಯಮಿಗಳಿಗಾಗಿ ಇದನ್ನು ವಿವರಿಸಿ ಬರೆದಾಗ ತೆಗೆದುಕೊಂಡ ಉದಾಹರಣೆಯೂ ಇಂಥದ್ದೇ: ಬೇಡಿಕೆ ಗೊತ್ತಿಲ್ಲದಾಗ ದೊಡ್ಡ ಕಾರ್ಖಾನೆ ಕಟ್ಟುವುದೋ, ಚಿಕ್ಕದೋ?

ಈಗಿನಂತೆ ಕೊಂಡೇ ಮಾರುವುದನ್ನು ಸೊನ್ನೆ ಎಂದಿಟ್ಟುಕೊಳ್ಳಿ. ನೀವೇ ಒತ್ತಿದರೆ ತಟ್ಟೆಗೆ 1.50 ಉಳಿತಾಯ. ಬೇಡಿಕೆ ಚೆನ್ನಾಗಿದ್ದರೆ ಮೂರು ವರ್ಷಕ್ಕೆ 9 ಲಕ್ಷ ತಟ್ಟೆ, ಉಳಿತಾಯ 13.5 ಲಕ್ಷ. ಯಂತ್ರದ್ದು 4.5 (6ರಲ್ಲಿ ಕೊನೆಗೆ ಮಾರಿ ಬರುವ 1.5 ಕಳೆದು), ವರ್ಷದ ಖರ್ಚು ಮೂರು ವರ್ಷಕ್ಕೆ 3, ಒಟ್ಟು 7.5 ಲಕ್ಷ ಕಳೆದರೆ 6 ಲಕ್ಷ ಲಾಭ. ಬೇಡಿಕೆ ಕೈಕೊಟ್ಟರೆ ಉಳಿತಾಯ ಬರೀ 4.5 ಲಕ್ಷ, ಅಂದರೆ 3 ಲಕ್ಷ ನಷ್ಟ. ಅರ್ಧರ್ಧ ಸಾಧ್ಯತೆಯಲ್ಲಿ ಸರಾಸರಿ ಒಂದೂವರೆ ಲಕ್ಷ ಲಾಭ. ಹೆಚ್ಚಿನವರು ಇಲ್ಲಿಗೇ ಪೆನ್ನು ಕೆಳಗಿಟ್ಟು ಯಂತ್ರ ಬುಕ್ ಮಾಡುತ್ತಾರೆ.

ದಯವಿಟ್ಟು ಇಲ್ಲಿ ನಿಲ್ಲಿಸಬೇಡಿ. ನೀವು ಬರೆಯದ ಮೂರನೇ ಕವಲೊಂದಿದೆ. ಒಂದು ವರ್ಷ ಕೊಂಡೇ ಮಾರಿ ನೋಡುವುದು. ಬೇಡಿಕೆ ಏರಿದರೆ ಆಗ ಯಂತ್ರ ಹಾಕುವುದು. ಉಳಿದ ಎರಡು ವರ್ಷಕ್ಕೆ ಉಳಿತಾಯ 9 ಲಕ್ಷ. ವರ್ಷದ ಖರ್ಚು 2 ಲಕ್ಷ. ಕಡಿಮೆ ಓಡಿದ ಯಂತ್ರಕ್ಕೆ ಕೊನೆಗೆ 2 ಲಕ್ಷ ಬಂದರೆ, ಅದರ ಪಾಲಿನದು 4 ಲಕ್ಷ. 3 ಲಕ್ಷ ಲಾಭ. ಏರದಿದ್ದರೆ ಯಂತ್ರವೇ ಇಲ್ಲ, ನಷ್ಟವೂ ಇಲ್ಲ. ಸರಾಸರಿ ಇಲ್ಲಿಯೂ ಒಂದೂವರೆ ಲಕ್ಷ! ಆದರೆ ಮೊದಲನೆಯದರಲ್ಲಿ 3 ಲಕ್ಷ ಮುಳುಗುವ ಕವಲಿತ್ತು, ಇದರಲ್ಲಿ ಇಲ್ಲ. ಬ್ಯಾಂಕ್ ಸಾಲದ ಕಂತು ಕಟ್ಟುವವರಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ನೀವು ಕೇಳಬಹುದು, ಬೇಡಿಕೆ ಬಿದ್ದರೆ ಮೊದಲ ವರ್ಷವೇ ಯಂತ್ರ ಮಾರಬಹುದಲ್ವಾ ಎಂದು. ಸರಿಯಾದ ಪ್ರಶ್ನೆ. ಕೆಟ್ಟ ಕವಲಿನ ತುದಿಯಲ್ಲಿ ಇನ್ನೊಂದು ಚೌಕ ಬರೆಯಿರಿ: ಇಟ್ಟುಕೊಳ್ಳುವುದೋ, ಮಾರುವುದೋ. ಒಂದು ವರ್ಷ ಓಡಿಸಿ ಮೂರೂವರೆ ಲಕ್ಷಕ್ಕೆ ಮಾರಿದರೆ ಉಳಿತಾಯ 1.5, ವರ್ಷದ ಖರ್ಚು 1, ಯಂತ್ರದ್ದು 2.5; ನಷ್ಟ 3ರಿಂದ 2 ಲಕ್ಷಕ್ಕೆ ಇಳಿಯುತ್ತದೆ, ಸರಾಸರಿ 2 ಲಕ್ಷಕ್ಕೆ ಏರುತ್ತದೆ. ಆಗ ಈಗಲೇ ಯಂತ್ರ ಹಾಕುವುದೇ ಮೇಲು ಅನ್ನಿಸುತ್ತದೆ. ಎರಡೂವರೆ ಲಕ್ಷವಷ್ಟೇ ಸಿಕ್ಕರೆ ಮತ್ತೆ ಅದೇ 3 ಲಕ್ಷ ನಷ್ಟ.

ಇಡೀ ಲೆಕ್ಕದಲ್ಲಿ ನನಗೆ ಭಯವಿರುವುದು ಇಲ್ಲೇ. ಹಳೇ ಯಂತ್ರದ ಬೆಲೆ ಬೇಡಿಕೆಯ ಜೊತೆಗೇ ಬೀಳುತ್ತದೆ. 2022ರ ಜುಲೈ 1ರಿಂದ ದೇಶದಲ್ಲಿ ಒಂದೇ ಸಲ ಬಳಸುವ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧವಾದಾಗ ಹಾಳೆ ತಟ್ಟೆಗೆ ಒಳ್ಳೆಯ ಕಾಲ ಬಂತು ಅನ್ನಿಸಿತ್ತು. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳು ಆಹಾರಕ್ಕೆ ಬಳಸಲು ತಕ್ಕವಲ್ಲ ಎಂದು ಆಮದಿಗೆ ತಡೆ ಹಾಕಿತು. ನೀವು ರಫ್ತು ಮಾಡದಿರಬಹುದು. ಆದರೆ ಹೊರದೇಶಕ್ಕೆ ಹೋಗಬೇಕಿದ್ದ ತಟ್ಟೆ ಬೆಂಗಳೂರಿಗೇ ಬಂದರೆ ನಿಮ್ಮ ದರ ಉಳಿಯುತ್ತದಾ? ಅಂಥ ವರ್ಷ ನಿಮ್ಮಂತೆಯೇ ಇನ್ನೂ ಎಷ್ಟೋ ಜನ ಯಂತ್ರ ಮಾರಲು ಹೊರಡುತ್ತಾರೆ. ಹಾಗಾಗಿ ಒಳ್ಳೆಯ ವರ್ಷದ ರೇಟನ್ನು ಕೆಟ್ಟ ಕವಲಿನಲ್ಲಿ ಬರೆಯಬೇಡಿ. ಹಳೇ ಯಂತ್ರ ಮಾರಿದ ಇಬ್ಬರು ಮೂವರನ್ನು ಹುಡುಕಿ, ಎಷ್ಟಕ್ಕೆ ಹೋಯಿತು ಎಂದು ಕೇಳಿ ಬರೆಯಿರಿ.

ಕೊಳ್ಳುವ ಕವಲಿನಲ್ಲೂ ಒಂದು ಖರ್ಚು ಅಡಗಿದೆ. ಮದುವೆ ಮುಹೂರ್ತಗಳ ಹೊತ್ತಿಗೆ ನಿಮಗೆ ತಟ್ಟೆ ಕೊಡುವವರು "ಸ್ಟಾಕ್ ಇಲ್ಲ" ಅಂದುಬಿಟ್ಟರೆ ಗಿರಾಕಿ ಕೈಬಿಡುತ್ತಾರೆ. ಹೋದ ವರ್ಷ ಹಾಗೆ ಎಷ್ಟು ಆರ್ಡರ್ ತಪ್ಪಿತು ಎಂದು ನೋಡಿ, ಆ ಹಣವನ್ನು ಕಳೆಯಿರಿ.

ಇನ್ನು ಅರ್ಧರ್ಧ ಅನ್ನುವ ಅಂದಾಜು. ಸುಮ್ನೆ ಹೇಳಿದ್ದಾದರೆ ಅದನ್ನು ಅಲುಗಾಡಿಸಿ ನೋಡಿ. ಯಂತ್ರ ಬೇಗ ಮಾರಲು ಆಗುವುದಿಲ್ಲ ಎಂದಿಟ್ಟುಕೊಂಡರೆ, ಒಳ್ಳೆಯ ಬೇಡಿಕೆಯ ಸಾಧ್ಯತೆ ಹತ್ತರಲ್ಲಿ ಆರಿದ್ದಾಗ ಈಗಲೇ ಹಾಕುವುದು 2.4 ಲಕ್ಷ, ಕಾಯುವುದು 1.8. ಹತ್ತರಲ್ಲಿ ನಾಲ್ಕಾದರೆ 60 ಸಾವಿರ ಮತ್ತು 1.2 ಲಕ್ಷ. ನಿಮ್ಮ ತೀರ್ಮಾನ ನಿಂತಿರುವುದೇ ಆ ಒಂದು ಸಂಖ್ಯೆಯ ಮೇಲೆ. ಬೇಡಿಕೆ ಮೊದಲೇ ಖಚಿತವಾಗಿ ಗೊತ್ತಿದ್ದರೆ ಏರುವಾಗ ಮಾತ್ರ ಯಂತ್ರ ಹಾಕಿ 6 ಲಕ್ಷ, ಇಲ್ಲದಿದ್ದರೆ ಸೊನ್ನೆ; ಅರ್ಧರ್ಧ ಸಾಧ್ಯತೆಯಲ್ಲಿ ಸರಾಸರಿ 3 ಲಕ್ಷ ಆಗುತ್ತಿತ್ತು. ಅಂದರೆ ಆ ಒಂದು ಸುದ್ದಿಗೆ ಒಂದೂವರೆ ಲಕ್ಷದ ಬೆಲೆ ಇದೆ. ಬೆಂಗಳೂರಿಗೆ ಹೋಗಿ ನಾಲ್ಕು ದಿನ ಗಿರಾಕಿಗಳನ್ನು ಕಂಡು ಬರುವ ಖರ್ಚು ಅದರ ಮುಂದೆ ಏನೂ ಅಲ್ಲ. ಹೋದಾಗ "ಎಷ್ಟು ಬೇಕಾಗಬಹುದು" ಎಂದು ಕೇಳಬೇಡಿ, ಎಲ್ಲರೂ ಜಾಸ್ತಿಯೇ ಹೇಳುತ್ತಾರೆ. ಮುಂದಿನ ಸೀಸನ್‌ಗೆ ಅಡ್ವಾನ್ಸ್ ಕೊಡುತ್ತೀರಾ ಎಂದು ಕೇಳಿ. ಕೊಟ್ಟವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅವಸರ ಬೇಕಿಲ್ಲ. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಹಾಳೆ ಬೂಷ್ಟು ಹಿಡಿಯುತ್ತದೆ. ಈಗ ಯಂತ್ರ ತಂದರೂ ಒತ್ತಲು ಒಣ ಹಾಳೆ ಸಿಗುವುದಿಲ್ಲ. ಹಾಳೆ ಹೆಕ್ಕುವ ಕಾಲ ಬರುವವರೆಗೆ ನಿಮಗೆ ಸಮಯವಿದೆ. ಅಷ್ಟರಲ್ಲಿ ಹಳೇ ಯಂತ್ರದ ರೇಟು ಮತ್ತು ಅಡ್ವಾನ್ಸ್ ಎಷ್ಟು ಬಂತು ಎಂಬುದನ್ನು ಇಲ್ಲಿ ಬರೆಯಿರಿ, ಮರವನ್ನು ಇನ್ನೊಮ್ಮೆ ಕೂತು ಬಿಡಿಸೋಣ.