ಹೊಸ ಪ್ರದೇಶಕ್ಕೆ ಕೆಲಸ ವಿಸ್ತರಿಸೋ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಾನು ಒಂದು ಚಿಕ್ಕ ಸಮುದಾಯ ಅಭಿವೃದ್ಧಿ ಸಂಸ್ಥೇಲಿ ಫೀಲ್ಡ್ ಕೋಆರ್ಡಿನೇಟರ್. ಹನ್ನೊಂದು ವರ್ಷದಿಂದ ಒಂದೇ ಭಾಗದಲ್ಲಿ ಇದೀವಿ, ಉಳಿತಾಯ ಗುಂಪು, ತಾಯಂದಿರ ಆರೋಗ್ಯ, ಮಕ್ಕಳ ಓದು ಎಲ್ಲಾ ಚೆನ್ನಾಗೇ ನಡೀತಿದೆ. ಈಗ ಒಬ್ಬ ದಾನಿಗಳು ಇದೇ ಕೆಲಸಾನ ದೂರದ ಇನ್ನೊಂದು ಪ್ರದೇಶದಲ್ಲಿ ಶುರು ಮಾಡಿ, ದುಡ್ಡು ನಾವು ಕೊಡ್ತೀವಿ ಅಂತಿದಾರೆ. ಟ್ರಸ್ಟಿಗಳಿಗೆಲ್ಲ ಖುಷಿ. ನನಗೆ ಮಾತ್ರ ಒಳಗೊಳಗೇ ಅಳುಕು, ಅಲ್ಲಿ ನಮಗೆ ಯಾರೂ ಗೊತ್ತಿಲ್ಲ. ನನ್ನ ಭಯ ಸರೀನಾ, ಇಲ್ಲ ಸುಮ್ನೆ ಹಿಂದೇಟು ಹಾಕ್ತಿದೀನಾ?

ಉತ್ತರ: ನಿಮ್ಮ ಅಳುಕು ಸರಿಯಾಗೇ ಇದೆ, ಅದನ್ನ ಮೀಟಿಂಗಲ್ಲಿ ಬಾಯಿಬಿಟ್ಟು ಹೇಳಿ. ಹಾಗಂತ ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ಏನು ಹೊತ್ಕೊಂಡು ಹೋಗ್ತೀರಿ, ಏನನ್ನ ಇಲ್ಲೇ ಬಿಟ್ಟು ಹೋಗ್ತೀರಿ ಅನ್ನೋದು ಮೊದಲು ತೀರ್ಮಾನ ಆಗ್ಬೇಕು ಅಷ್ಟೇ.

ಒಂದು ಉದಾಹರಣೆ ಹೇಳ್ತೀನಿ, ಈ ಕ್ಷೇತ್ರದಲ್ಲಿರೋ ಎಲ್ಲರೂ ತಿಳ್ಕೊಂಡಿರ್ಬೇಕಾದದ್ದು. ತಮಿಳುನಾಡಲ್ಲಿ 1980ರಲ್ಲಿ ಒಂದು ದೊಡ್ಡ ಪೌಷ್ಟಿಕಾಂಶ ಯೋಜನೆ ಶುರುವಾಯ್ತು. ಚಿಕ್ಕ ಮಕ್ಕಳನ್ನ ತಿಂಗಳು ತಿಂಗಳು ತೂಗಿ ನೋಡೋದು, ತೂಕ ಸರಿಯಾಗಿ ಏರದ ಮಕ್ಕಳಿಗೆ ಪೂರಕ ಆಹಾರ ಕೊಡೋದು, ತಾಯಂದಿರಿಗೆ ತಿಳಿವಳಿಕೆ ಹೇಳೋದು. ಒಳ್ಳೇ ಫಲ ಬಂತು. ಅದೇ ಮಾದರೀನ 1995ರಲ್ಲಿ ಬಾಂಗ್ಲಾದೇಶಕ್ಕೆ ತಗೊಂಡು ಹೋದ್ರು, ಅಲ್ಲಿ ಅಂದ್ಕೊಂಡಷ್ಟು ಫಲ ಸಿಗಲಿಲ್ಲ. ಯಾಕೆ ಅಂತ ಆಮೇಲೆ ಹುಡುಕ್ತಾ ಹೋದೋರು ಹೇಳಿದ ಕಾರಣಗಳಲ್ಲಿ ಒಂದು ನನ್ನ ತಲೇಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ತಿಳಿವಳಿಕೆ ಎಲ್ಲ ಹೋಗಿದ್ದು ತಾಯಂದಿರಿಗೆ, ಆದ್ರೆ ಅಲ್ಲಿನ ಎಷ್ಟೋ ಮನೆಗಳಲ್ಲಿ ಸಾಮಾನು ತರೋರು ಗಂಡಸರು, ಯಾರ ತಟ್ಟೆಗೆ ಎಷ್ಟು ಅಂತ ತೀರ್ಮಾನ ಮಾಡೋರು ಅತ್ತೆ. ಪಾಪ ಆ ಸೊಸೆ ಎಲ್ಲಾ ಕೇಳಿಸ್ಕೊಂಡು, ತಿಳ್ಕೊಂಡು ಮನೆಗೆ ಹೋದ್ರೂ ಸೌಟು ಅವಳ ಕೈಲೇ ಇಲ್ಲ. ಯೋಜನೇಲಿ ತಪ್ಪಿರಲಿಲ್ಲ ನೋಡಿ, ಸೌಟು ಯಾರ ಕೈಲಿದೆ ಅಂತ ಮೊದಲೇ ಯಾರೂ ವಿಚಾರಿಸಿರಲಿಲ್ಲ.

ನಾವೂ ಇಂಥದ್ದೇ ಮಾಡಿದೀವಿ. ಹಿಂದೆ ನಾನಿದ್ದ ಸಂಸ್ಥೆ ಹೊಸ ಜಾಗಕ್ಕೆ ಹೋದಾಗ ಹಳೇ ಕಡೆ ಚೆನ್ನಾಗಿ ನಡೆದಿದ್ದ ಉಳಿತಾಯ ಗುಂಪಿನ ರಿಜಿಸ್ಟರನ್ನೇ ನೂರಾರು ಪ್ರತಿ ಪ್ರಿಂಟ್ ಹಾಕಿಸ್ಕೊಂಡು ಹೋಗಿದ್ವಿ, ವಾರಕ್ಕೊಂದು ಕಾಲಂ, ವರ್ಷಕ್ಕೆ ಐವತ್ತೆರಡು. ಮೊದಲ ಎರಡು ತಿಂಗಳು ಎಲ್ಲಾ ಕಾಲಂ ತುಂಬ್ತು, ಆಮೇಲೆ ಗೈರು, ಗೈರು, ಗೈರು ಅಂತ ಪುಟಗಟ್ಟಲೆ ಕೆಂಪು ಪೆನ್ನಲ್ಲಿ ಬರೆದಿದ್ದು ನಾನೇ. ಇವರಿಗೆ ಆಸಕ್ತಿ ಇಲ್ಲ ಅಂತ ವರದೀಲೂ ಬರೆದುಬಿಟ್ಟೆ. ಅಲ್ಲಿನ ಅರ್ಧಕ್ಕರ್ಧ ಮನೆಯವರು ವರ್ಷದಲ್ಲಿ ನಾಲ್ಕು ತಿಂಗಳು ಕೂಲಿಗೆ ಬೇರೆ ಕಡೆ ಹೋಗ್ತಾರೆ ಅನ್ನೋದು ಗೊತ್ತಾಗಿದ್ದು ಒಬ್ಬ ವಯಸ್ಸಾದ ಹೆಂಗಸು ಆ ರಿಜಿಸ್ಟರ್ ಮೇಲೆ ಬೆರಳಿಟ್ಟು, "ಈ ಮನೆ ಬೀಗ ಹಾಕಿದೆ ಕಣವ್ವ, ಇದೂ ಬೀಗ, ಇದೂ ಬೀಗ" ಅಂತ ಒಂದೊಂದೇ ಸಾಲು ತೋರಿಸಿದಾಗ. ಅವತ್ತು ನನಗಾದ ನಾಚಿಕೆ ಇವತ್ತಿಗೂ ಹೋಗಿಲ್ಲ. ಆಮೇಲೆ ವಾರದ ಲೆಕ್ಕ ಬಿಟ್ಟು, ಅವರು ವಾಪಸ್ ಬಂದ ಮೇಲೆ ಒಟ್ಟಿಗೆ ಕಟ್ಟೋ ಥರ ಮಾಡಿದ್ವಿ, ಅದೂ ಅವರೇ ಹೇಳಿಕೊಟ್ಟ ದಾರಿ.

ಅದಕ್ಕೇ ದಾನಿಗಳ ಹತ್ರ ಮೊದಲ ಆರು ತಿಂಗಳು, ಸಾಧ್ಯ ಆದ್ರೆ ಒಂದು ವರ್ಷ, ಬರೀ ತಿರುಗಾಡೋಕೆ ಮಾತಾಡೋಕೆ ಅಂತಲೇ ದುಡ್ಡು ಕೇಳಿ. ಗುರಿ ಸಂಖ್ಯೆ ಇಲ್ಲದ ಅವಧಿ ಅದು. ಕೊಡಲ್ಲ ಅಂದ್ರೆ ನನ್ನ ಪ್ರಕಾರ ಆ ದುಡ್ಡು ನಿಮಗೆ ಬೇಡ. ಆ ಅವಧೀಲಿ ಊರವರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬಿಡಿಸ್ಲಿ, ಯಾವ ತಿಂಗಳು ಕೆಲಸ ಇರತ್ತೆ, ಯಾವ ತಿಂಗಳು ಸಾಲ, ಯಾವ ತಿಂಗಳು ಕಾಯಿಲೆ ಅಂತ ಕಲ್ಲು ಕಡ್ಡಿ ಇಟ್ಟು ತೋರಿಸ್ಲಿ. ಇದು ಹೊಸದೇನಲ್ಲ, ಸಹಭಾಗಿ ಗ್ರಾಮ ಸಮೀಕ್ಷೆ ಅಂತ ಎಷ್ಟೋ ವರ್ಷದಿಂದ ಬಳಕೇಲಿದೆ. ಆದ್ರೆ ಎಷ್ಟೋ ಕಡೆ ಒಂದೇ ಮಧ್ಯಾಹ್ನದಲ್ಲಿ ಮುಗಿಸಿ, ಫೋಟೋ ತಗೊಂಡು ಎದ್ದು ಬಂದ್ಬಿಡ್ತಾರೆ. ಹಾಗೆ ಮಾಡ್ಬೇಡಿ ದಯವಿಟ್ಟು. ಮೊದಲ ದಿನ ಮಾತಾಡೋರು ಯಾವಾಗಲೂ ಮುಂದೆ ಕೂರೋರೇ, ಹಿಂದೆ ನಿಂತೋರ ಬಾಯಿ ತೆರೆಯೋಕೆ ನಾಲ್ಕನೇ ಐದನೇ ಸಲ ಹೋಗ್ಬೇಕಾಗತ್ತೆ.

ಕೆಲಸಕ್ಕೆ ಆ ಭಾಗದವರನ್ನೇ ತಗೊಳ್ಳಿ, ನಿಮ್ಮ ಹಳಬರಲ್ಲಿ ಒಬ್ಬರೋ ಇಬ್ಬರೋ ಜೊತೆಗಿರ್ಲಿ ಸಾಕು. ತಗೊಂಡೋರಿಗೆ ಬರೀ ಪಾಠ ಒಪ್ಪಿಸೋದು ಕಲಿಸಿದ್ರೆ ಆಗಲ್ಲ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮನೆ ಮನೆಗೆ ಹೋಗಿ, ಮಕ್ಕಳಿಗೆ ಭೇದಿ ಆದಾಗ ಉಪ್ಪು ಬೆಲ್ಲದ ನೀರು ಮಾಡಿ ಕುಡಿಸೋದನ್ನ ತಾಯಂದಿರಿಗೆ ಕಲಿಸ್ತು. ಶುರುನಲ್ಲಿ ತಾಯಂದಿರು ಬಾಯಿಪಾಠ ಹೇಳೋರು, ಆದ್ರೆ ಮಗುಗೆ ಹುಷಾರಿಲ್ಲದಾಗ ಕೊಡ್ತಿದ್ದೋರು ಕಮ್ಮಿ. ನೋಡಿದ್ರೆ ಕಲಿಸೋಕೆ ಹೋಗಿದ್ದ ಎಷ್ಟೋ ಕಾರ್ಯಕರ್ತೆಯರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಮತ್ತೆ ಅವರಿಗೆ ಅದು ಹೇಗೆ ಕೆಲಸ ಮಾಡತ್ತೆ ಅಂತ ಬಿಡಿಸಿ ಹೇಳಿದ್ರು, ಗಂಡಸರನ್ನೂ ಕೂರಿಸಿ ಮಾತಾಡಿದ್ರು. ಅಂದಹಾಗೆ ಈ ಸಂಸ್ಥೆ 1972ರಲ್ಲಿ ಶುರುವಾಗಿದ್ದು, ದೇಶದ ಹೊರಗೆ ಅಫ್ಘಾನಿಸ್ತಾನಕ್ಕೆ ಹೋಗಿದ್ದು 2002ರಲ್ಲಿ, ಅಂದ್ರೆ ಮೂವತ್ತು ವರ್ಷ ಆದ ಮೇಲೆ. ಇದನ್ನ ನಿಮ್ಮ ಟ್ರಸ್ಟಿಗಳಿಗೂ ಹೇಳಿ.

ಹಳೇ ಜಾಗ ಮರೀಬೇಡಿ. ಒಳ್ಳೇ ಕೆಲಸಗಾರರನ್ನೆಲ್ಲ ಹೊಸ ಕಡೆ ಕಳಿಸಿದ್ರೆ ಹನ್ನೊಂದು ವರ್ಷದಿಂದ ನಿಮ್ಮನ್ನ ನಂಬಿರೋ ಜನಕ್ಕೆ ಏನು ಹೇಳ್ತೀರಿ?

ಪ್ರಶ್ನೆ: ಹೊಸ ಕಡೆ ಕೆಲಸ ಆಗ್ತಿಲ್ಲ ಅಂತ ಗೊತ್ತಾದ್ರೂ ದಾನಿಗಳ ಭಯಕ್ಕೆ ಮುಂದುವರಿಸ್ತಾ ಇದೀವಿ. ನಿಲ್ಲಿಸೋದು ಅವಮಾನ ಅಲ್ವಾ?

ಉತ್ತರ: ಖಂಡಿತ ಅಲ್ಲ. ಎವಿಡೆನ್ಸ್ ಆ್ಯಕ್ಷನ್ ಅನ್ನೋ ಸಂಸ್ಥೆ ಬಾಂಗ್ಲಾದೇಶದಲ್ಲಿ ಕೆಲಸ ಸಿಗದ ಕಾಲದಲ್ಲಿ ಬಡ ಕುಟುಂಬದವರು ಬೇರೆ ಕಡೆ ದುಡಿಯೋಕೆ ಹೋಗೋದಕ್ಕೆ ಪ್ರಯಾಣದ ಖರ್ಚಿಗೆ ಸಣ್ಣ ಸಾಲ ಕೊಡ್ತಿತ್ತು. ಚಿಕ್ಕದಾಗಿ ಮಾಡಿದಾಗ ಚೆನ್ನಾಗಿ ನಡೀತು, 2017ರಲ್ಲಿ ದೊಡ್ಡದು ಮಾಡಿ ಅಳೆದು ನೋಡಿದ್ರೆ ಆ ಫಲ ಕಾಣಲಿಲ್ಲ. ಅದನ್ನ ಅವರೇ ಬಹಿರಂಗವಾಗಿ ಹೇಳಿ, 2019ರಲ್ಲಿ ನಿಲ್ಲಿಸಿದ್ರು. ನೀವೂ ದಾನಿಗಳಿಗೆ ಇದ್ದದ್ದು ಇದ್ದ ಹಾಗೆ ಬರೀರಿ. ಆದ್ರೆ ಊರವರಿಗೆ ಮೊದಲು ತಿಳಿಸಿ, ರಾತ್ರೋರಾತ್ರಿ ಆಫೀಸ್ ಖಾಲಿ ಮಾಡ್ಬೇಡಿ.

ಪ್ರಶ್ನೆ: ನಮ್ಮದು ಹತ್ತು ಜನರ ಪುಟ್ಟ ಸಂಘ. ನಮ್ಮ ಪ್ರದೇಶಕ್ಕೆ ಈಗ ಹೊರಗಿನ ದೊಡ್ಡ ಸಂಸ್ಥೆ ಬಂದಿದೆ, ಬಂದ ತಿಂಗಳಲ್ಲೇ ನಮ್ಮ ಇಬ್ಬರು ಕಾರ್ಯಕರ್ತರನ್ನ ಜಾಸ್ತಿ ಸಂಬಳ ಕೊಟ್ಟು ಕರ್ಕೊಂಡ್ರು, ಈಗ ನಾವು ಮಾಡಿಟ್ಟಿರೋ ಮನೆ ಮನೆ ಪಟ್ಟಿ ಕೇಳ್ತಿದಾರೆ. ಏನು ಮಾಡೋದು?

ಉತ್ತರ: ಓದಿ ಬೇಜಾರಾಯ್ತು, ಇಂಥ ಪತ್ರ ಇದೇ ಮೊದಲಲ್ಲ. ಹೋದ ಇಬ್ಬರ ಮೇಲೆ ಕೋಪ ಬೇಡ, ಅವರಿಗೂ ಸಂಸಾರ ಇದೆ. ಆದ್ರೆ ಆ ಸಂಸ್ಥೆಯವರನ್ನ ಎದುರಾಎದುರು ಕೂರಿಸ್ಕೊಂಡು ಕೇಳಿ: ಎಷ್ಟು ವರ್ಷ ಇರ್ತೀರಿ, ನಾವು ಮಾಡ್ತಿರೋ ಕೆಲಸಾನೇ ಮಾಡ್ತೀರಾ ಇಲ್ಲ ಮಾಡದೇ ಇರೋದನ್ನ ಮಾಡ್ತೀರಾ, ಹೋಗುವಾಗ ಯಾರ ಕೈಗೆ ಒಪ್ಪಿಸಿ ಹೋಗ್ತೀರಿ. ಉತ್ತರ ಬರವಣಿಗೇಲಿ ಇರ್ಲಿ. ಇನ್ನು ಆ ಪಟ್ಟಿ, ಅದು ನಿಮ್ಮದೂ ಅಲ್ಲ ಅವರದೂ ಅಲ್ಲ. ಯಾರ ಮನೇಲಿ ಎಷ್ಟು ಸಾಲ, ಯಾರಿಗೆ ಯಾವ ಕಾಯಿಲೆ ಅಂತ ಜನ ನಿಮ್ಮನ್ನ ನಂಬಿ ಹೇಳಿದ್ದು ಅದರಲ್ಲಿದೆ, ಕೊಡೋ ಮುಂಚೆ ಆ ಮನೆಗಳಿಗೆ ಹೋಗಿ ಕೇಳ್ಕೊಂಡು ಬನ್ನಿ, ಬೇಡ ಅಂದೋರ ವಿವರಾನ ಪಟ್ಟಿಯಿಂದ ತೆಗೆದುಹಾಕಿ.